ಒಂದು ಸಿಪ್ಪೆ ಕಡಿಮೆ

ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದವಳೇ, ಹಿಂದಿನ ಸಂಜೆ ಗಡಿಬಿಡಿಯಲ್ಲಿ ಪೆಟ್ಟಿಗೆಗೆ ತುರುಕಿದ್ದ ನೀಲಿ ಸಿಪ್ಪೆಗಳನ್ನು ಒಂದೊಂದಾಗಿ ಹಗ್ಗಕ್ಕೆ ಸಿಕ್ಕಿಸಲು ತೊಡಗಿದೆ. ಕೊನೆಯದನ್ನು ಸಿಕ್ಕಿಸಿದ ಮೇಲೂ ಒಂದು ಕ್ಲಿಪ್ ಖಾಲಿ ಉಳಿಯಿತು. ಪೆಟ್ಟಿಗೆಯನ್ನು ಬೋರಲು ಹಾಕಿದೆ. ಮೇಜಿನ ಅಡಿಗೆ ಬಗ್ಗಿ ನೋಡಿದೆ. ಕಸದ ಬುಟ್ಟಿ ನೋಡಿದೆ. ಕಡೆಗೆ ನನ್ನ ಚಪ್ಪಲಿಯ ಅಟ್ಟೆಯನ್ನೂ ಎತ್ತಿ ನೋಡಿದೆ. ಇಲ್ಲ.

ಸಿಪ್ಪೆಯೆಂದರೆ ಏನೆಂದು ಮೊದಲು ಹೇಳಬೇಕು. ನಾವು ಕೆಲಸ ಮಾಡುವ ಕಪ್ಪು ಕಾರ್ಬನ್ ಬಟ್ಟೆ ಅಂಟು ಕುಡಿದುಕೊಂಡೇ ಬರುತ್ತದೆ. ಅದು ಒಂದಕ್ಕೊಂದು ಹತ್ತದ ಹಾಗೆ ಒಂದು ಮೈಗೆ ನೀಲಿ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅಚ್ಚಿನ ಮೇಲೆ ಬಟ್ಟೆಯನ್ನು ಹಾಸಿ, ರೋಲರಿನಿಂದ ಒತ್ತಿ, ಆ ಹಾಳೆಯನ್ನು ಸುಲಿದು, ಅದರ ಮೇಲೆ ಮುಂದಿನ ಪದರ ಹಾಕಬೇಕು. ಸುಲಿದದ್ದು ಸಿಪ್ಪೆ. ಬಟ್ಟೆಯ ತುಂಡಿಗೆ ಯಾವ ನಂಬರೋ ಸಿಪ್ಪೆಗೂ ಅದೇ ನಂಬರು. ಸುಲಿದ ಕೂಡಲೇ ಗೋಡೆಯ ಹಗ್ಗದಲ್ಲಿ ಅದೇ ನಂಬರಿನ ಕ್ಲಿಪ್ಪಿಗೆ ಸಿಕ್ಕಿಸುವುದು ಕ್ರಮ. ಹಗ್ಗ ತುಂಬಿತೆಂದರೆ ಒಳಗೆ ಏನೂ ಉಳಿದಿಲ್ಲವೆಂದು ಅರ್ಥ. ಬಟ್ಟೆ ಒಣಗಿಸುವ ಕ್ಲಿಪ್ಪುಗಳೇ ಅವು, ಬಿ.ಸಿ. ರೋಡಿನ ಅಂಗಡಿಯಿಂದ ನಾನೇ ತಂದದ್ದು.

ನಾವು ಮಾಡುತ್ತಿದ್ದದ್ದು ಸೇನೆಯ ಒಂದು ಡ್ರೋನಿನ ರೆಕ್ಕೆಯ ಅಡಿಮೈ. ಮದುವೆಯಲ್ಲಿ ತಲೆಯ ಮೇಲೆ ಗುಂಯ್‌ಗುಡುವ ಆ ಜಾತಿಯದ್ದಲ್ಲ. ಇದು ಚಾಲಕನಿಲ್ಲದ ವಿಮಾನ. ಒಮ್ಮೆ ಏರಿದರೆ ಒಂದು ಹಗಲು, ಒಂದು ರಾತ್ರಿ ದಾಟಿಯೂ ಮೇಲೆಯೇ ಇರುವಂಥದ್ದು. ಕೆಳಗಿನದನ್ನು ನೋಡುತ್ತಾ ಸುತ್ತುತ್ತದೆ, ಎದುರಿನವರ ರೇಡಿಯೋ ರಡಾರುಗಳ ಕಿವಿಗೆ ಗದ್ದಲ ತುಂಬುತ್ತದೆ, ಆಜ್ಞೆಯಾದರೆ ಹೊಡೆಯುತ್ತದೆ. ಇದನ್ನು ನಮಗೆ ವಿವರಿಸಿದ ದಿನವೇ ನನ್ನ ಮೇಜಿನ ಜೊತೆಗಾತಿ, ಬೆಳ್ತಂಗಡಿಯವಳು, ನನ್ನ ಕಿವಿಯಲ್ಲಿ ಹೇಳಿದ್ದಳು: "ಇದು ನನ್ನ ಅತ್ತೆಯೇ, ಅಕ್ಕ. ಇಡೀ ದಿನ ಕೂತಲ್ಲಿಂದ ನೋಡ್ತಾರೆ, ನಮಗೆ ಮಾತಾಡ್ಲಿಕ್ಕೆ ಬಿಡುವುದಿಲ್ಲ, ಮತ್ತೆ ಸಮಯ ನೋಡಿ ಒಂದು ಕೊಡ್ತಾರೆ."

ವಿಮಾನವನ್ನು ನಾವು ಯಾರೂ ಕಂಡಿಲ್ಲ. ಅದನ್ನು ಬೇರೆ ಊರಿನಲ್ಲಿ ಜೋಡಿಸುತ್ತಾರೆ. ನಮ್ಮದು ಮೆಲ್ಕಾರಿನ ಆಚೆ, ಹಳೆಯ ಹಂಚಿನ ಕಾರ್ಖಾನೆಯ ಒಂದು ಶೆಡ್ಡು. ಒಳಗೆ ಗಾಜಿನ ಕೋಣೆ, ಏಸಿ, ಫ್ರೀಜರು, ಓವನ್ನು. ನಡೆಸುವ ಸರ್ ಬಂಟ್ವಾಳದವರೇ. ವಾಯುಪಡೆಯಲ್ಲಿ ವಿಮಾನಗಳ ಮೈ ರಿಪೇರಿ ಮಾಡಿ ನಿವೃತ್ತರಾದವರು. ಕೆಲಸದವರೆಲ್ಲ ಹೆಂಗಸರು, ಹೆಚ್ಚಿನವರು ಟೈಲರಿಂಗ್ ಕಲಿತವರು. ನಾನು ಮೂಡುಬಿದಿರೆಯ ಗೃಹಿಣಿ, ಹೊಲಿಗೆಯ ಕೈ ಉಂಟೆಂದು ಸೇರಿಸಿಕೊಂಡದ್ದು. ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸಿದ ಸಿಸ್ಟರ್ ಬಟ್ಟೆಯ ಮುಖವನ್ನು ನೋಡುತ್ತಲೇ ಇರಲಿಲ್ಲ. ತಿರುಗಿಸಿ ಹಿಂಬದಿಯ ಗಂಟು ನೋಡುತ್ತಿದ್ದರು. ಗಂಟು ಸರಿಯಿಲ್ಲದಿದ್ದರೆ ಮುಖದಲ್ಲಿ ಎಷ್ಟು ಚಂದದ ಗುಲಾಬಿ ಇದ್ದರೂ ಬಿಚ್ಚಬೇಕು. ಆ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು.

ಹಿಂದಿನ ಸಂಜೆ ಆದದ್ದು ಇಷ್ಟು. ಆ ವರ್ಷ ಮಳೆ ಬೇಗ ಹಿಡಿದಿತ್ತು. ಒಂದು ವಾರದಿಂದ ಬಿಸಿಲಿನ ಮುಖ ಕಂಡಿರಲಿಲ್ಲ. ರೆಕ್ಕೆಯ ದೊಡ್ಡ ಪದರಗಳೆಲ್ಲ ಮುಗಿದು, ನಾವು ಸಣ್ಣ ತುಂಡುಗಳಿಗೆ ಬಂದಿದ್ದೆವು. ರೆಕ್ಕೆಯ ಅಡಿಯಲ್ಲಿ ಒಂದು ಕಡೆ ಬುಷ್‌ಗಳನ್ನು, ಅಂದರೆ ಬೋಲ್ಟು ತೂರಿಸುವ ಲೋಹದ ಬಳೆಗಳನ್ನು ಕೂರಿಸಿ, ಸುತ್ತ ಎರಡು ಅಂಗೈ ಜೋಡಿಸಿದಷ್ಟು ಅಗಲದ ಹಲವು ತುಂಡುಗಳನ್ನು ಒಂದರ ಮೇಲೊಂದು ಹಾಕಿ ದಪ್ಪ ಮಾಡುತ್ತೇವೆ. ಎಲ್ಲವೂ ಒಂದೇ ಅಳತೆ. ದಿಕ್ಕು ತಪ್ಪದಂತೆ ಒಂದು ಮೂಲೆಯನ್ನು ಕತ್ತರಿಸಿರುತ್ತಾರೆ. ಅಲ್ಲಿ ಏನು ತೂಗುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. ಸರ್, "ತೂಗುವಂಥದ್ದು ತೂಗ್ತದೆ ಅಮ್ಮ. ಬೀಳಬಾರದ ಕಡೆ ಬೀಳದಿದ್ದರೆ ಆಯ್ತು" ಎಂದಿದ್ದರು.

ಅರ್ಧದಲ್ಲಿ ಕರೆಂಟು ಹೋಯಿತು. ನಮ್ಮ ಜನರೇಟರು ಫ್ರೀಜರಿಗೂ ಓವನ್ನಿಗೂ ಮಾತ್ರ ಸಾಲುತ್ತಿತ್ತು. ಏಸಿ ನಿಂತಿತು. ಗೋಡೆಯ ಮೇಲಿನ ಮೀಟರಿನಲ್ಲಿ ತೇವ ಏರತೊಡಗಿತು. ಅಂಟಿನ ಬಟ್ಟೆ ತೇವ ಕುಡಿದರೆ ಬೇಯುವಾಗ ಒಳಗೆ ಗುಳ್ಳೆ ಏಳುತ್ತದೆ. ಇಡೀ ರೆಕ್ಕೆ ಹಾಳು. ಸರ್ ಬಾಗಿಲಲ್ಲಿ ನಿಂತು, "ಬೇಗ ಮುಗಿಸಿ ಚೀಲ ಹಾಕಿ. ಸಿಪ್ಪೆ ಪೆಟ್ಟಿಗೆಗೆ ಹಾಕಿ, ನಾಳೆ ಸಿಕ್ಕಿಸುವ" ಎಂದರು. ನಾವಿಬ್ಬರು ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ ಉಳಿದ ತುಂಡುಗಳನ್ನು ಹಾಕಿದೆವು. ಒಬ್ಬಳು ಹಾಸುವುದು, ಇನ್ನೊಬ್ಬಳು ಒತ್ತಿ ಸುಲಿಯುವುದು. ನಡುವೆ ಕೈ ನೋಯುತ್ತದೆಂದು ಬದಲಾಯಿಸಿಕೊಂಡೆವು. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಗಾಳಿ ಎಳೆದು, ಓವನ್ನಿಗೆ ತಳ್ಳಿ ಮನೆಗೆ ಹೋದೆವು.

ಈಗ ರೆಕ್ಕೆ ಬೆಂದು ಕಲ್ಲಾಗಿತ್ತು. ಖಾಲಿ ಕ್ಲಿಪ್ಪಿನ ನಂಬರು ಆ ದಪ್ಪ ಜಾಗದ್ದು.

ಸರ್ ಬಂದರು. ಹಗ್ಗ ನೋಡಿದರು. ಶಬ್ದದ ಅಲೆ ಕಳಿಸಿ ಒಳಗನ್ನು ನೋಡುವ ಯಂತ್ರ ತಂದು ರೆಕ್ಕೆಯ ಮೈಮೇಲೆ ಆಡಿಸಿದರು. ತೆಳ್ಳಗಿನ ಭಾಗದಲ್ಲಿ ಅದರ ಪರದೆಯ ಮೇಲೆ ಗೆರೆ ನೇರ ಓಡಿತು. ದಪ್ಪ ಜಾಗದಲ್ಲಿ, ಲೋಹದ ಬುಷ್‌ಗಳ ನಡುವೆ, ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಏನೂ ತಿಳಿಯಲಿಲ್ಲ. ಜೇಬಿನಿಂದ ನಾಣ್ಯ ತೆಗೆದು ತಟ್ಟಿದರು. ಟಣ್ ಟಣ್ ಎಂದು ಸರಿಯಾಗಿಯೇ ಕೇಳಿತು.

"ಚೆನ್ನಾಗಿ ಒತ್ತಿ ಕೂತಿದ್ದರೆ ಹೀಗೆಯೇ ಕೇಳ್ತದೆ" ಎಂದರು. "ಪ್ಲಾಸ್ಟಿಕಿಗೆ ಅಂಟು ಹಿಡಿಯುವುದಿಲ್ಲ. ನೆಲದ ಮೇಲೆ ಇರುವಷ್ಟು ದಿನ ಸರಿ ಇರ್ತದೆ. ಮೇಲೆ ಹೋಗಿ ಗಂಟೆಗಟ್ಟಲೆ ಅಲುಗಿದ ಮೇಲೆ ಬಿಚ್ಚಿಕೊಳ್ತದೆ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ಕೈಯನ್ನೇ ಮತ್ತೆ ತೊಳೆದೆ.

ಮರುದಿನ ರೆಕ್ಕೆಯನ್ನು ಒಯ್ಯಲು ವಿಮಾನ ಜೋಡಿಸುವ ಕಡೆಯಿಂದ ಗಾಡಿ ಬರುವುದಿತ್ತು. ಒಮ್ಮೆ ತಡವಾಗಿ ಬೈಸಿಕೊಂಡಿದ್ದೆವು. ಈ ಸಲವೂ ಹೋಗದಿದ್ದರೆ ರೆಕ್ಕೆಯ ಕೆಲಸ ಬೇರೆಯವರಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ಯಾರಾದರೂ ಸಿಪ್ಪೆ ಮನೆಗೆ ಒಯ್ಯುವುದುಂಟಾ? ಬೈಯುವುದಿಲ್ಲ. ಹೇಳಿ."

ನಾನು ನೆಲ ನೋಡಿದೆ. ಒಯ್ಯುವುದುಂಟು ಎಂದು ನಮಗೆಲ್ಲ ಗೊತ್ತಿತ್ತು. ಆ ನೀಲಿ ಹಾಳೆ ದಪ್ಪ, ಮೆತ್ತಗೆ. ಮೇಲೆ ಬರಿಗಣ್ಣಿಗೆ ಕಾಣುವ ಸಣ್ಣ ಸಣ್ಣ ವಜ್ರಾಕಾರದ ಉಬ್ಬುಗಳು. ಹಲಸಿನ ಹಪ್ಪಳ ಮಾಡುವವರಿಗೆ ಅದಕ್ಕಿಂತ ಒಳ್ಳೆಯದು ಸಿಗದು. ಬೇಯಿಸಿ ಅರೆದ ಹಲಸಿನ ಉಂಡೆಯನ್ನು ಎರಡು ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಿದರೆ ಹಪ್ಪಳ ಒಂಚೂರೂ ಅಂಟದೆ ಬಿಟ್ಟುಕೊಳ್ಳುತ್ತದೆ. ಹಗ್ಗದಲ್ಲಿ ಲೆಕ್ಕ ಆದ ಮೇಲೆ ಕಸಕ್ಕೆ ಹೋಗುವುದನ್ನೇ ಒಯ್ಯುತ್ತಿದ್ದದ್ದು. ಆದರೂ ದೊಡ್ಡ ಹಾಳೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ದೊಡ್ಡದು ಒಯ್ದರೆ ಕಳವು, ಸಣ್ಣದು ಒಯ್ದರೆ ಕಸ ಎಂದು ನಮ್ಮಲ್ಲೊಂದು ನ್ಯಾಯ.

"ನಾನು ಒಯ್ತೇನೆ ಸರ್" ಎಂದಳು ಬೆಳ್ತಂಗಡಿಯವಳು. "ಹಪ್ಪಳ ಒತ್ತಲಿಕ್ಕೆ."

"ನಿನ್ನೆ ಒಯ್ದದ್ದುಂಟಾ?"

ಅವಳು ಹಗ್ಗ ನೋಡಿದಳು, ರೆಕ್ಕೆ ನೋಡಿದಳು, ನಮ್ಮೆಲ್ಲರ ಮುಖ ನೋಡಿದಳು. "ಇರಬಹುದು" ಎಂದಳು.

ಸರ್ ಜೀಪಿನ ಕೀ ತೆಗೆದುಕೊಂಡರು. "ನೋಡಿಯೇ ಬರುವ. ನೀವೂ ಬನ್ನಿ" ಎಂದು ನನ್ನನ್ನೂ ಕರೆದರು. ನಿನ್ನೆಯ ಮೇಜಿನಲ್ಲಿ ಇದ್ದವರು ನಾವಿಬ್ಬರೇ ತಾನೆ.

ಬೆಳ್ತಂಗಡಿಯವರೆಗೂ ಮಳೆ ಬಿಡಲಿಲ್ಲ. ವೈಪರ್ ಒಂದು ಕಡೆ ಕಿರ್ ಎನ್ನುತ್ತಿತ್ತು. ಅವಳು ಕಿಟಕಿಯ ಆಚೆ ನೋಡುತ್ತಾ ಉಗುರಿನ ಸುತ್ತಲಿನ ಒಣಗಿದ ಅಂಟನ್ನು ಕೀಳುತ್ತಿದ್ದಳು.

ಮನೆಯಲ್ಲಿ ಅವಳ ಅತ್ತೆ ಇದ್ದರು. ಬಾಗಿಲಲ್ಲಿ ಸರ್ ನಿಂತದ್ದನ್ನು ಕಂಡು ಮೊದಲು ಹೆದರಿ, ಮತ್ತೆ ಸೆರಗು ಸರಿಮಾಡಿಕೊಂಡು, "ಕೂತುಕೊಳ್ಳಿ, ಇವಳು ಫೋನೂ ಮಾಡದೆ ಕರ್ಕೊಂಡು ಬರುವುದಾ!" ಎಂದು ಸೊಸೆಗೆ ಗದರಿದರು. ಸೊಸೆ ಅಡಿಗೆಕೋಣೆಗೆ ಹೋಗಿ ಗೋಡೆಗೆ ಒರಗಿಸಿದ್ದ ಹಪ್ಪಳದ ಮಣೆಯನ್ನು ತೆರೆದಳು. ಎರಡು ಹಲಗೆಗಳ ನಡುವೆ ನೀಲಿ ಹಾಳೆ. ಅದೇ ಅಳತೆ. ಅದೇ ಕತ್ತರಿಸಿದ ಮೂಲೆ. ಎಣ್ಣೆ ತಾಗಿ ನಂಬರು ಅಳಿಸಿಹೋಗಿತ್ತು.

"ಇದುವೇ ಸರ್" ಎಂದಳು. "ನಿನ್ನೆ ಕರೆಂಟು ಹೋದಾಗ ಬ್ಯಾಗಿಗೆ ಹಾಕಿದ್ದು."

ಸರ್ ಅದನ್ನು ಎರಡೂ ಕೈಯಲ್ಲಿ ಹಿಡಿದರು. ಬೆಳಗಿನಿಂದ ಬಿಗಿದಿದ್ದ ಅವರ ಭುಜ ಇಳಿದದ್ದು ಕಣ್ಣಿಗೆ ಕಂಡಿತು. ಬೈಯಲೂ ಇಲ್ಲ. ಅತ್ತೆ ಅಷ್ಟರಲ್ಲಿ ಎಣ್ಣೆ ಕಾಯಿಸಿ, ಡಬ್ಬಿಯಿಂದ ಹಪ್ಪಳ ತೆಗೆದು ಕರಿದು ತಂದಿಟ್ಟರು. "ಕೊಕ್ಕಡದ ಹಲಸು ಇದು, ಇವಳ ಅಮ್ಮನ ಮನೆಯದ್ದು. ಅಲ್ಲಿಂದ ಬಂದದ್ದರಲ್ಲಿ ಒಳ್ಳೆಯದು ಇದೊಂದೇ" ಎಂದರು ಸೊಸೆಯ ಮುಖ ನೋಡಿ. ಸರ್ ನಕ್ಕರು. ನಕ್ಕು ಇನ್ನೊಂದು ಹಪ್ಪಳ ಮುರಿದರು.

ನಾನು ಹಾಳೆಯನ್ನು ಕೇಳಿ ತೆಗೆದುಕೊಂಡೆ. ನೋಡಬೇಕೆಂದು ಅಲ್ಲ, ಕೈ ಸುಮ್ಮನಿರಲಿಲ್ಲ, ಅಷ್ಟೆ. ತಿರುಗಿಸಿದೆ. ಅಂಚಿನಲ್ಲೆಲ್ಲ ವಜ್ರಾಕಾರದ ಉಬ್ಬುಗಳು ಇದ್ದವು. ನಡುವೆ, ಒಂದು ಹಪ್ಪಳದಷ್ಟು ಅಗಲಕ್ಕೆ, ಇರಲಿಲ್ಲ. ಅಲ್ಲಿ ಹಾಳೆ ಸವೆದು, ಹಳೆಯ ಬಳಪದ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಎಷ್ಟು ಹಪ್ಪಳ ಒತ್ತಿದರೆ ಹೀಗೆ ಸವೆಯಬೇಕು? ಹೊರಗೆ ಮಳೆ ಸುರಿಯುತ್ತಿತ್ತು. ಮಣೆಯ ಕಾಲಿನಲ್ಲಿ ಜೇಡ ಬಲೆ ಕಟ್ಟಲು ಶುರುಮಾಡಿತ್ತು. ಬಿಸಿಲಿಲ್ಲದ ವಾರದಲ್ಲಿ ಹಪ್ಪಳ ಒತ್ತುವವರು ಯಾರು?

ನಿನ್ನೆ ನಮ್ಮ ಮೇಜಿನಲ್ಲಿದ್ದ ಹಾಳೆ ಇದಲ್ಲ.

ಕೈಯಲ್ಲಿದ್ದ ಹಪ್ಪಳ ಬಾಯಿಗೆ ಹೋಗಲಿಲ್ಲ. "ಯಾಕೆ, ಖಾರ ಹೆಚ್ಚಾಯ್ತಾ?" ಎಂದರು ಅತ್ತೆ. ಇಲ್ಲವೆಂದು ತಿಂದೆ.

ಹಿಂತಿರುಗುವಾಗ ಸರ್ ಸಿಳ್ಳೆ ಹಾಕುತ್ತಾ ಗಾಡಿ ಬಿಟ್ಟರು. ನಾವಿಬ್ಬರೂ ಹಿಂದಿನ ಸೀಟಿನಲ್ಲಿ. ಮಡಂತ್ಯಾರು ದಾಟಿತು. ಹಾಳೆ ನನ್ನ ಮಡಿಲಿನಲ್ಲಿತ್ತು. ಹೇಳಲೋ ಬೇಡವೋ ಎಂದು ಅದರ ಕತ್ತರಿಸಿದ ಮೂಲೆಯನ್ನು ಮಡಿಸುತ್ತ ಬಿಡಿಸುತ್ತ ಕೂತೆ. ಒಳಗೆ ಇಲ್ಲದೆಯೂ ಇರಬಹುದು. ಎಲ್ಲೋ ಗಾಳಿಗೆ ಹಾರಿ ಚರಂಡಿ ಸೇರಿರಬಹುದು. ಆಗ ಒಂದು ಒಳ್ಳೆಯ ರೆಕ್ಕೆಯನ್ನೂ, ಇಷ್ಟು ಜನರ ಕೆಲಸವನ್ನೂ ಹಾಳುಮಾಡಿದವಳು ನಾನಾಗುತ್ತೇನೆ.

ಪುಂಜಾಲಕಟ್ಟೆಯಲ್ಲಿ ಸರ್ ಗಾಡಿ ನಿಲ್ಲಿಸಿ, ಸಿಗ್ನಲ್ ಸಿಗುವುದಿಲ್ಲವೆಂದು ಒಂದು ಅಂಗಡಿಯ ಮಾಡಿನ ಅಡಿಗೆ ಓಡಿದರು. ರೆಕ್ಕೆ ಒಯ್ಯುವ ಗಾಡಿ ಕಳಿಸಲು ಹೇಳುವುದಿತ್ತು.

"ಇದು ಹಳೆಯದ್ದು" ಎಂದೆ.

ಅವಳು ತಿರುಗಲಿಲ್ಲ. "ಅಕ್ಕ, ನೀವು ಸುಮ್ಮನೆ ಕೂತುಕೊಳ್ಳಿ."

"ನಡು ಸವೆದುಹೋಗಿದೆ ಮಾರಾಯ್ತಿ. ನಿನ್ನೆ ತಂದದ್ದು ಇವತ್ತಿಗೆ ಹೀಗೆ ಆಗ್ತದಾ?"

"ಸರ್‌ಗೆ ಹಪ್ಪಳ ತಿನ್ಲಿಕ್ಕೆ ಮಾತ್ರ ಗೊತ್ತುಂಟು, ಒತ್ತಲಿಕ್ಕೆ ಗೊತ್ತಿಲ್ಲ. ಅವರಿಗೆ ಕಂಡಿಲ್ಲ. ನಿಮಗೆ ಯಾಕೆ ಕಾಣಬೇಕು?" ಈಗ ತಿರುಗಿದಳು. "ಹೆಚ್ಚೆಂದರೆ ನನ್ನನ್ನು ತೆಗೀತಾರೆ. ಒಬ್ಬಳದ್ದು ಹೋಗ್ತದೆ, ಉಳಿದವರದ್ದು ಉಳೀತದೆ. ಲೆಕ್ಕ ಸರಿ ಉಂಟಲ್ಲ?"

"ಒಳಗೆ ಇದ್ದರೆ?"

"ಇಲ್ಲದಿದ್ದರೆ?"

"ಇದ್ದರೆ ಅಲ್ಲಿ ತೂಗುವಂಥದ್ದು ಬೀಳುವುದು ಯಾರ ಮಾಡಿನ ಮೇಲೆ?"

"ನಮ್ಮ ಮಾಡಿನ ಮೇಲೆ ಅಲ್ಲವಲ್ಲ" ಎಂದುಬಿಟ್ಟಳು. ಆಮೇಲೆ ತನ್ನ ಬಾಯಿಯನ್ನು ತಾನೇ ಅಂಗೈಯಿಂದ ಒರೆಸಿಕೊಂಡಳು, ಏನೋ ತಾಗಿದ ಹಾಗೆ. ಅಂಗಡಿಯ ಮುಂದೆ ಸರ್ ಫೋನನ್ನು ಕಿವಿಗೆ ಹಿಡಿದು ನಗುತ್ತಿದ್ದರು. ಮಾಡಿನ ನೀರು ಅವರ ಒಂದು ಭುಜದ ಮೇಲೆ ಸುರಿಯುತ್ತಿದ್ದರೂ ಅವರಿಗೆ ಗೊತ್ತಾಗಲಿಲ್ಲ.

"ನಾನು ಹೇಳ್ತೇನೆ" ಎಂದೆ.

ಅವಳು ಮತ್ತೆ ಉಗುರಿನ ಅಂಟು ಕೀಳತೊಡಗಿದಳು.

ಸರ್ ಬಂದು ಬಾಗಿಲು ಹಾಕಿಕೊಂಡರು. ನಾನು ಹಾಳೆಯನ್ನು ಮುಂದಕ್ಕೆ ಚಾಚಿ, "ಇದನ್ನು ಬೆಳಕಿಗೆ ಹಿಡಿದು ನಡು ಮುಟ್ಟಿ ನೋಡಿ ಸರ್" ಎಂದೆ. ಅವರು ಹೆಬ್ಬೆರಳಿನಿಂದ ಅಂಚು ಮುಟ್ಟಿದರು, ನಡು ಮುಟ್ಟಿದರು, ಮತ್ತೊಮ್ಮೆ ಅಂಚು ಮುಟ್ಟಿದರು. ಎಂಜಿನ್ ಶುರುಮಾಡಲು ಹೋದ ಕೈ ಅಲ್ಲೇ ನಿಂತಿತು.

"ಈಗ ತಾನೇ ಸಿಕ್ಕಿತು ಅಂತ ಹೇಳಿ ಬಂದೆ" ಎಂದರು.

ಫೋನನ್ನು ಪಕ್ಕದ ಸೀಟಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಒಳಗೇ ಉಂಟು ಅಂತ ನಿಮಗೆ ಗೊತ್ತುಂಟಾ ಅಮ್ಮ?"

"ಇಲ್ಲ ಸರ್. ಇದು ಅದಲ್ಲ ಅಂತ ಮಾತ್ರ ಗೊತ್ತುಂಟು."

ಅವರು ಬೆಳ್ತಂಗಡಿಯವಳನ್ನು ಕನ್ನಡಿಯಲ್ಲಿ ನೋಡಿದರು. ತುಂಬ ಹೊತ್ತು ನೋಡಿದರು. ಅವಳು ಅಳತೊಡಗಿದಳು, ಶಬ್ದವಿಲ್ಲದೆ. ಸರ್ ಇಳಿದು ಮತ್ತೆ ಆ ಮಾಡಿನ ಅಡಿಗೆ ಹೋದರು. ಈ ಸಲ ಮಾತು ಉದ್ದವಾಯಿತು, ನಗಲಿಲ್ಲ.

ಶೆಡ್ಡಿಗೆ ಬಂದವರೇ ರೆಕ್ಕೆಯನ್ನು ಸ್ಟ್ಯಾಂಡಿಗೆ ಬಿಗಿದರು. ಎಲ್ಲರೂ ಬಂದು ಗಾಜಿನ ಆಚೆ ನಿಂತರು. ಮಾಸ್ಕ್ ಹಾಕಿಕೊಂಡು, ಧೂಳು ಎಳೆಯುವ ಪೈಪನ್ನು ನನ್ನ ಕೈಗೆ ಕೊಟ್ಟು, ಸರ್ ಕತ್ತರಿಸುವ ಚಕ್ರವನ್ನು ಓಡಿಸಿದರು. ನಾನು ಅಷ್ಟು ದಿನ ನಯವಾಗಿ ಒತ್ತಿದ ಮೈಮೇಲೆ ಅದು ಇಳಿದಾಗ ಹಲ್ಲು ಜುಂ ಎಂದಿತು. ಕಪ್ಪು ಧೂಳು ಪೈಪಿನೊಳಗೆ ಹೊಳೆಯುತ್ತಾ ಹೋಯಿತು. ಮೊದಲ ಸೀಳು ಬುಷ್‌ಗಳ ಎಡಕ್ಕೆ. ಅಂಚನ್ನು ಒರೆಸಿ, ಲೆನ್ಸ್ ಹಿಡಿದು ನೋಡಿದರು. ಕಪ್ಪು, ಕಪ್ಪು, ಪದರದ ಮೇಲೆ ಪದರ. ಏನೂ ಇಲ್ಲ.

ಗಾಜಿನ ಆಚೆ ಯಾರೋ "ಅಯ್ಯೋ ದೇವರೇ" ಎಂದರು.

ಸರ್ ನನ್ನ ಕಡೆ ನೋಡಲಿಲ್ಲ. ಚಕ್ರವನ್ನು ಮತ್ತೆ ಓಡಿಸಿ ಬುಷ್‌ಗಳ ನಟ್ಟನಡುವೆ ಇಳಿಸಿದರು. ನಿಲ್ಲಿಸಿದರು. ಒರೆಸಿದರು. ಲೆನ್ಸ್ ಬೇಕಾಗಲಿಲ್ಲ. ಕಪ್ಪಿನ ನಡುವೆ ಒಂದು ನೀಲಿ ಗೆರೆ, ಶಾಲೆಯ ಪುಸ್ತಕದಲ್ಲಿ ಸ್ಕೇಲು ಇಟ್ಟು ಎಳೆದ ಹಾಗೆ ನೇರವಾಗಿತ್ತು. ಅವರು ತೆಳ್ಳಗಿನ ಚಾಕುವಿನ ತುದಿ ಇಟ್ಟು ತಿರುಗಿಸಿದರು. ಪಟ್ ಎಂದು ಅಷ್ಟು ದಪ್ಪದ ತುಂಡು ಎರಡಾಗಿ ಬಿಚ್ಚಿಕೊಂಡಿತು, ಯಾವ ಬಲವೂ ಬೇಕಾಗಲಿಲ್ಲ. ಒಳಗೆ ನಮ್ಮ ಸಿಪ್ಪೆ. ಬಿಸಿಗೆ ಸ್ವಲ್ಪ ಮುದುಡಿತ್ತು. ನಂಬರು ಓದುವ ಹಾಗೆಯೇ ಇತ್ತು.

ಅದನ್ನು ಹಾಸಿದ್ದು ನಾನೋ ಅವಳೋ ಎಂದು ಸರ್ ಕೇಳಲಿಲ್ಲ. ಕೇಳಿದ್ದರೆ ನಮಗೆ ಹೇಳಲು ಗೊತ್ತಿರಲಿಲ್ಲ. ಎಮರ್ಜೆನ್ಸಿ ಲೈಟಿನ ಆ ಬೆಳಕಿನಲ್ಲಿ ನೀಲಿಯೂ ಕಪ್ಪಾಗಿಯೇ ಕಂಡಿರಬೇಕು. ಅವರು ಮಾಸ್ಕ್ ತೆಗೆದು, "ಮುಗಿಸಿ ಅಂತ ಹೇಳಿದ್ದು ನಾನೇ" ಎಂದು ಮಾತ್ರ ಹೇಳಿ, ಸಿಪ್ಪೆಯನ್ನು ಒಯ್ದು ಖಾಲಿ ಕ್ಲಿಪ್ಪಿಗೆ ಸಿಕ್ಕಿಸಿದರು.

ರೆಕ್ಕೆಯ ಕೆಲಸ ಕೈ ತಪ್ಪಲಿಲ್ಲ, ಪೂರ್ತಿ ಉಳಿಯಲೂ ಇಲ್ಲ. ಒಂದು ಬದಿಯದ್ದು ಬೇರೆಯವರಿಗೆ ಹೋಯಿತು. ಇನ್ನೊಂದು ಬದಿಯದ್ದು ನಮಗೆ ಸಿಕ್ಕಿತು. ಮೊದಲಿನಿಂದ ಹಾಸಿದೆವು. ಕರೆಂಟು ಹೋದರೆ ಕೆಲಸ ನಿಲ್ಲಿಸಿ ಅರ್ಧವಾದದ್ದನ್ನೇ ಬಿಸಾಡುವುದೆಂದು ಹೊಸ ಕ್ರಮ ಆಯಿತು. ಬೆಳ್ತಂಗಡಿಯವಳೊಡನೆ ಸರ್ ಕೆಲವು ದಿನ ಮಾತಾಡಲಿಲ್ಲ. ಆಮೇಲೊಂದು ಬೆಳಿಗ್ಗೆ ಹಗ್ಗದ ಜವಾಬ್ದಾರಿಯನ್ನು ಅವಳಿಗೇ ಕೊಟ್ಟರು. ಈಗ ಅವಳ ಕೈಯಿಂದ ಒಂದು ಚೂರು ಸಿಪ್ಪೆ ಹೊರಗೆ ಹೋಗುವುದಿಲ್ಲ. ಲೆಕ್ಕ ಆದದ್ದೇ ಕತ್ತರಿಯಿಂದ ಚೂರುಚೂರು ಮಾಡುತ್ತಾಳೆ. ಯಾರಾದರೂ ಆಸೆಯಿಂದ ನೋಡಿದರೆ, "ಎಂತ ನೋಡುವುದು? ಜೈಲಿನಲ್ಲಿ ಹಪ್ಪಳ ಒಣಗಿಸ್ಲಿಕ್ಕೆ ಜಾಗ ಇಲ್ಲ" ಎನ್ನುತ್ತಾಳೆ.

ನಮ್ಮ ಆ ರೆಕ್ಕೆ ಹಾರಿತೋ ಇಲ್ಲವೋ ಗೊತ್ತಿಲ್ಲ. ನಮಗೆ ಹೇಳುವುದಿಲ್ಲ, ಕೇಳುವ ಹಾಗೂ ಇಲ್ಲ. ಟೀವಿಯಲ್ಲಿ ಅಂಥ ವಿಮಾನ ತೋರಿಸಿದಾಗ ಗಂಡ, "ನಿಮ್ಮದಾ?" ಎಂದು ಕೇಳುತ್ತಾರೆ. ನಾನು ರೆಕ್ಕೆಯ ಅಡಿ ನೋಡುತ್ತೇನೆ. ಏನಾದರೂ ತೂಗುತ್ತಿದ್ದರೆ ಎದ್ದು ಅಡಿಗೆಕೋಣೆಗೆ ಹೋಗಿಬಿಡುತ್ತೇನೆ. ಅದು ಗಟ್ಟಿಯಾಗಿ ನಿಲ್ಲಲಿ ಎಂದು ಬೇಡಿಕೊಳ್ಳಬೇಕೋ, ಅದಕ್ಕೆ ಕೆಲಸವೇ ಬಾರದಿರಲಿ ಎಂದು ಬೇಡಿಕೊಳ್ಳಬೇಕೋ ನನಗೆ ಈಗಲೂ ತಿಳಿಯದು.

ಮುಂದಿನ ಹಲಸಿನ ಕಾಲದಲ್ಲಿ ಬೆಳ್ತಂಗಡಿಯವಳು ನನಗೊಂದು ಕಟ್ಟು ಹಪ್ಪಳ ತಂದುಕೊಟ್ಟಳು. "ಹಳೆ ಪಂಚೆಯಲ್ಲಿ ಒತ್ತಿದ್ದು ಅಕ್ಕ. ಅಂಟ್ತದೆ, ಅತ್ತೆ ಬೈತಾರೆ. ಆದರೆ ಪ್ಲಾಸ್ಟಿಕ್ ಇಲ್ಲ, ಧೈರ್ಯದಲ್ಲಿ ತಿನ್ನಿ" ಎಂದು ನಕ್ಕಳು.

ಆ ಸಂಜೆ ಎಣ್ಣೆ ಕಾಯಲು ಇಟ್ಟು ಹಪ್ಪಳ ಬಿಡಿಸಿದೆ. ಮೈಮೇಲೆ ಪಂಚೆಯ ನೇಯ್ಗೆಯ ಅಚ್ಚು ಎಳೆ ಎಳೆಯಾಗಿ ಮೂಡಿತ್ತು. ಅವಳ ಮಾತಿನ ಮೇಲೆ ನಂಬಿಕೆ ಇಲ್ಲವೆಂದಲ್ಲ. ಆದರೂ ಎಣ್ಣೆಗೆ ಬಿಡುವ ಮುಂಚೆ ಒಂದೊಂದನ್ನೂ ತಿರುಗಿಸಿ, ಹಿಂಬದಿ ನೋಡಿ, ಆಮೇಲೆ ಬಿಟ್ಟೆ.